ಸೊಂಟದ ಪಿಸ್ತೂಲು: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ವಿಧಾನಸಭೆಯಿರಲಿ, ಲೋಕಸಭೆಯಿರಲಿ, ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಪಡೆದ ಆಯುಧಗಳನ್ನು ಠೇವಣಿ ಇಡಲು ಬಂದವರು ಪೊಲೀಸ್ ಠಾಣೆಗಳಲ್ಲಿ ಕಾಣಸಿಗುತ್ತಾರೆ. ಮಲೆನಾಡಿನ ಠಾಣೆಗಳಿಗೆ ಹೀಗೆ ಬರುವ ಆಯುಧಗಳಲ್ಲಿ ತೋಟದ ಕಾವಲಿಗೆ, ಬೆಳೆಯ ರಕ್ಷಣೆಗೆ ಪಡೆದ ಉದ್ದ ನಳಿಕೆಯ ಕೋವಿಗಳೇ ಹೆಚ್ಚು. ಆದರೆ ನಗದು ಒಯ್ಯುವ ವರ್ತಕರು, ಚಿನ್ನಾಭರಣ ವ್ಯಾಪಾರಿಗಳು, ಒಂಟಿ ಮನೆಯಲ್ಲಿ ವಾಸಿಸುವ ತೋಟದ ಮಾಲೀಕರು ಕೇಳುವ ಪ್ರಶ್ನೆಯೇ ಬೇರೆ. ಉಡುಪಿನ ಮರೆಯಲ್ಲಿ ಇಟ್ಟುಕೊಳ್ಳಬಹುದಾದ, ಕೈಗೆಟಕುವ ಬೆಲೆಯ ಪಿಸ್ತೂಲು ಯಾವುದು?

ಅಮೆರಿಕದಲ್ಲಿ ಈ ಪ್ರಶ್ನೆಗೆ ಅಂಗಡಿಯ ಗಾಜಿನ ಕಪಾಟಿನಲ್ಲೇ ಹತ್ತಾರು ಉತ್ತರಗಳಿವೆ. ಅಲ್ಲಿ ಜನಸಾಮಾನ್ಯರು ಕೊಳ್ಳುವ 9 ಎಂಎಂ ಪಿಸ್ತೂಲು ಭಾರತದಲ್ಲಿ ನಿಷೇಧಿತ ಬೋರ್‌ನ ಪಟ್ಟಿಯಲ್ಲಿದೆ. ನಮ್ಮಲ್ಲಿ ಆಯ್ಕೆಯ ವ್ಯಾಪ್ತಿ ಬಹಳ ಕಿರಿದು. ಈ ಕಿರಿದಾದ ವ್ಯಾಪ್ತಿಯೊಳಗೆ ಬೆಲೆಯ ಚೀಟಿಯೊಂದನ್ನೇ ನೋಡಿ ತೀರ್ಮಾನಿಸಿದವರು ಮುಂದೆ ಹೆಚ್ಚಿನ ಬೆಲೆ ತೆರಬೇಕಾಗಬಹುದು.

ಮೊದಲು ಪರವಾನಗಿ

ಶಸ್ತ್ರಾಸ್ತ್ರ ಕಾಯ್ದೆ 1959 ಹಾಗೂ ಶಸ್ತ್ರಾಸ್ತ್ರ ನಿಯಮಗಳು 2016 ಈ ವಿಷಯದ ಮೂಲಾಧಾರ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯವರೂ, ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರೂ ಪರವಾನಗಿ ನೀಡುವ ಪ್ರಾಧಿಕಾರಿಗಳು. ಪೊಲೀಸ್ ವರದಿ ಬಂದ ನಂತರವೇ ಅರ್ಜಿಯ ಇತ್ಯರ್ಥ. ಜೀವಕ್ಕೆ ಅಥವಾ ಆಸ್ತಿಗೆ ನೈಜ ಅಪಾಯವಿದೆ, ಇಲ್ಲವೇ ಉದ್ಯೋಗದ ಸ್ವರೂಪವೇ ರಕ್ಷಣೆಯನ್ನು ಬೇಡುತ್ತದೆ ಎಂಬುದನ್ನು ಅರ್ಜಿದಾರರು ಮನವರಿಕೆ ಮಾಡಿಕೊಡಬೇಕು. ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ. ತಿರಸ್ಕೃತರಾದವರಿಗೆ ಕಾಯ್ದೆಯ 18ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.

2019ರ ತಿದ್ದುಪಡಿಯ ನಂತರ ಒಬ್ಬರು ಗರಿಷ್ಠ ಎರಡು ಬಂದೂಕುಗಳನ್ನಷ್ಟೇ ಹೊಂದಬಹುದು. ಮೊದಲು ಈ ಮಿತಿ ಮೂರಿತ್ತು. ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಲಾಗಿದೆ. ಮನೆಯಲ್ಲಿ ಈಗಾಗಲೇ ಎರಡು ಕೋವಿ ಇರುವವರು ಅವುಗಳಲ್ಲೊಂದನ್ನು ಬಿಟ್ಟುಕೊಡದೆ ಪಿಸ್ತೂಲಿನ ಯೋಚನೆ ಮಾಡುವಂತಿಲ್ಲ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿತು. ಅದು 2029ರ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತದೆ. ರಾಜ್ಯ ಹೈಕೋರ್ಟ್ 2021ರಲ್ಲಿ ಇದನ್ನು ಎತ್ತಿಹಿಡಿಯಿತು. ವಿನಾಯಿತಿ ಎಂದರೆ ಮಿತಿಯೇ ಇಲ್ಲವೆಂದು ಅರ್ಥವಲ್ಲ. ವಿನಾಯಿತಿ ಪತ್ರದಲ್ಲಿ ನಮೂದಾಗಿರುವ ಆಯುಧಕ್ಕೆ ಮಾತ್ರ ಅದು ಅನ್ವಯ.

ಮಾರುಕಟ್ಟೆಯಲ್ಲಿ ಏನಿದೆ?

ಸ್ವರಕ್ಷಣೆಯ ಪರವಾನಗಿ ಪಡೆದವರ ಮುಂದೆ ಸಾಮಾನ್ಯವಾಗಿ ಇರುವುದು .32 ಮತ್ತು .22 ಬೋರ್‌ನ ಕೈಬಂದೂಕುಗಳು. ಬಹುಕಾಲ ಇವುಗಳ ತಯಾರಿಕೆ ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಗಳ ಕೈಯಲ್ಲಿತ್ತು. ಆ ಕಾರ್ಖಾನೆಗಳನ್ನು 2021ರ ಅಕ್ಟೋಬರ್‌ನಲ್ಲಿ ಏಳು ಸರ್ಕಾರಿ ಕಂಪನಿಗಳಾಗಿ ವಿಂಗಡಿಸಲಾಯಿತು. ಈಗ ಬಂದೂಕುಗಳ ಹೊಣೆ ಕಾನ್ಪುರದ ಕಂಪನಿಯದು, ಮದ್ದುಗುಂಡುಗಳ ಹೊಣೆ ಪುಣೆಯ ಕಂಪನಿಯದು. ಗಮನಾರ್ಹ ಮಾದರಿಗಳು ಹೀಗಿವೆ.

ಅಶನಿ: ಪಶ್ಚಿಮ ಬಂಗಾಳದಲ್ಲಿ ತಯಾರಾಗುವ .32 ಪಿಸ್ತೂಲು. ಚಪ್ಪಟೆಯಾಗಿರುವುದರಿಂದ ಉಡುಪಿನೊಳಗೆ ಉಬ್ಬು ಕಾಣುವುದು ಕಡಿಮೆ.

ನಿರ್ಭೀಕ್: 2014ರ ಜನವರಿಯಲ್ಲಿ ಬಿಡುಗಡೆಯಾದ .32 ರಿವಾಲ್ವರ್. 2012ರ ದೆಹಲಿ ಅತ್ಯಾಚಾರ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳೆಯರಿಗೆಂದೇ ಪ್ರಚಾರಗೊಂಡಿತು. ತೂಕ ಸುಮಾರು 500 ಗ್ರಾಂ. ಆರಂಭದ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಇಷ್ಟು ಹಣ ತೆತ್ತು ರಕ್ಷಣೆ ಕೊಳ್ಳಬಲ್ಲ ಮಹಿಳೆಯರು ಎಷ್ಟು ಮಂದಿ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ನಿಡರ್: ಇಷಾಪುರದ ರೈಫಲ್ ಕಾರ್ಖಾನೆಯ .22 ರಿವಾಲ್ವರ್. ತೂಕ ಸುಮಾರು 250 ಗ್ರಾಂ. ಮಾರುಕಟ್ಟೆಗೆ ಬಂದಾಗ ಸುಮಾರು 35 ಸಾವಿರ ರೂಪಾಯಿ ಬೆಲೆಯಿತ್ತು.

ಪ್ರಬಲ್: ಕಾನ್ಪುರದಿಂದ 2023ರ ಆಗಸ್ಟ್‌ನಲ್ಲಿ ಹೊರಬಂದ .32 ರಿವಾಲ್ವರ್. ತೋಟಾ ಇಲ್ಲದೆ ಸುಮಾರು 700 ಗ್ರಾಂ ತೂಗುತ್ತದೆ. ಹಳೆಯ ಮಾದರಿಗಳಲ್ಲಿ ತೋಟಾ ತುಂಬಲು ಬಂದೂಕನ್ನೇ ನಡುವೆ ಮಡಚಿ ತೆರೆಯಬೇಕು. ಇದರಲ್ಲಿ ತೋಟಾ ತುಂಬುವ ಉರುಳೆ ಪಕ್ಕಕ್ಕೆ ಹೊರಳುತ್ತದೆ.

ಇವಲ್ಲದೆ ಬ್ರಿಟನ್ನಿನ ಹಳೆಯ ಹೆಸರಾದ ವೆಬ್ಲಿ ಅಂಡ್ ಸ್ಕಾಟ್ ಕೂಡ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ .32 ರಿವಾಲ್ವರ್ ತಯಾರಿಕೆಗೆ ಇಳಿದಿದೆ.

ಪಿಸ್ತೂಲೋ, ರಿವಾಲ್ವರೋ?

ಮೊದಲ ಬಾರಿ ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎರಡರ ಮೇಲೂ .32 ಎಂದು ಬರೆದಿದ್ದರೂ ಪಿಸ್ತೂಲಿನ ತೋಟಾ ಬೇರೆ, ರಿವಾಲ್ವರಿನ ತೋಟಾ ಬೇರೆ. ಒಂದನ್ನು ಇನ್ನೊಂದರಲ್ಲಿ ಬಳಸಲಾಗದು. ತೋಟಾ ಕೊಳ್ಳುವಾಗ ಅಂಗಡಿಯಲ್ಲೇ ಪರಿಶೀಲಿಸುವುದು ಕ್ಷೇಮ.

ಪಿಸ್ತೂಲು ತೆಳು. ಸೊಂಟಕ್ಕೆ ಒತ್ತಿ ಕೂರುತ್ತದೆ. ಆದರೆ ಮೊದಲ ತೋಟಾ ನಳಿಕೆಗೆ ಏರಬೇಕಾದರೆ ಮೇಲ್ಭಾಗದ ಸ್ಲೈಡನ್ನು ಬಲವಾಗಿ ಹಿಂದಕ್ಕೆ ಎಳೆಯಬೇಕು. ಬೆರಳಲ್ಲಿ ಕಸುವಿಲ್ಲದವರಿಗೆ, ಸಂಧಿವಾತವಿರುವ ಹಿರಿಯರಿಗೆ ಇದು ಕಷ್ಟ. ತೋಟಾ ಸಿಡಿಯದೆ ಉಳಿದರೆ ಅದನ್ನು ಹೊರಹಾಕಲು ಮತ್ತೆ ಸ್ಲೈಡ್ ಎಳೆಯಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾದ ಅಪಾಯ ಇನ್ನೊಂದಿದೆ. ಮ್ಯಾಗಜಿನ್ ಹೊರತೆಗೆದ ಮೇಲೂ ನಳಿಕೆಯಲ್ಲಿ ಒಂದು ತೋಟಾ ಉಳಿದಿರಬಹುದು. ಖಾಲಿ ಇದೆಯೆಂದು ಭಾವಿಸಿ ಟ್ರಿಗರ್ ಒತ್ತಿ ಸಂಭವಿಸುವ ಅನಾಹುತಗಳಿಗೆ ಇದೇ ಮೂಲ.

ರಿವಾಲ್ವರಿನ ಉರುಳೆ ದಪ್ಪ. ಹೀಗಾಗಿ ಅಡಗಿಸುವುದು ತುಸು ಕಷ್ಟ. ಸಾಮಾನ್ಯವಾಗಿ ಆರೇ ತೋಟಾ. ಆದರೆ ಬಳಕೆ ಸರಳ. ಒಂದು ತೋಟಾ ಸಿಡಿಯದಿದ್ದರೆ ಮತ್ತೊಮ್ಮೆ ಟ್ರಿಗರ್ ಒತ್ತಿದರೆ ಮುಂದಿನದು ಎದುರಿಗೆ ಬರುತ್ತದೆ. ಉರುಳೆ ತೆರೆದರೆ ತುಂಬಿದೆಯೋ ಖಾಲಿಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ತಿಂಗಳುಗಟ್ಟಲೆ ಕಪಾಟಿನಲ್ಲೇ ಇಡುವವರಿಗೆ, ಅಭ್ಯಾಸ ಕಡಿಮೆಯಿರುವವರಿಗೆ ರಿವಾಲ್ವರ್ ಒಗ್ಗುತ್ತದೆ.

.22ರ ತೋಟಾ ಅಗ್ಗ, ಒದೆತವೂ ಕಡಿಮೆ. ಆದರೆ ಅದರ ಬಲವೂ ಕಡಿಮೆ. ಅಂಚಿಗೆ ಬಡಿದು ಸಿಡಿಯುವ ತೋಟಾ ಆದುದರಿಂದ ಸಿಡಿಯದೆ ಉಳಿಯುವ ಸಂಭವ .32ಕ್ಕಿಂತ ಹೆಚ್ಚು. ಅತಿ ಹಗುರವಾದ ಬಂದೂಕು ಒಯ್ಯಲು ಸುಖ, ಗುರಿ ಹಿಡಿಯಲು ಕಷ್ಟ ಎಂಬುದೂ ನೆನಪಿರಲಿ.

ಅಗ್ಗದ ಲೆಕ್ಕಾಚಾರ

ಮೇಲೆ ಹೇಳಿದ ಆರಂಭದ ಬೆಲೆಗಳು ಇಂದು ಅನ್ವಯಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್ ಮತ್ತು ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿದೆ. ಕಾರ್ಖಾನೆಯ ಬೆಲೆ ಒಂದು ಲಕ್ಷವಿದ್ದರೆ ತೆರಿಗೆಯೇ 40 ಸಾವಿರ. ಇದರ ಮೇಲೆ ಪರವಾನಗಿ ಶುಲ್ಕ, ತರಬೇತಿ, ಒಳ್ಳೆಯ ಹೋಲ್‌ಸ್ಟರ್, ಬೀಗವಿರುವ ಉಕ್ಕಿನ ಪೆಟ್ಟಿಗೆ, ಅಭ್ಯಾಸದ ತೋಟಾಗಳ ವೆಚ್ಚ ಸೇರಬೇಕು. ಬಂದೂಕಿಗೇ ಹಣವೆಲ್ಲ ಸುರಿದು ಅಭ್ಯಾಸಕ್ಕೆ ಉಳಿಸಿಕೊಳ್ಳದವರು ಅಗ್ಗದ ಮಾದರಿಯನ್ನೇ ಕೊಂಡು ಉಳಿದುದನ್ನು ತರಬೇತಿಗೆ ಬಳಸುವುದು ಜಾಣತನ.

ಹಳೆಯ ವಿದೇಶಿ ಪಿಸ್ತೂಲುಗಳ ಮೋಹವೂ ಇದೆ. ಸಾರ್ವಜನಿಕರಿಗೆ ಬಂದೂಕಿನ ಆಮದು 1980ರ ದಶಕದ ಮಧ್ಯಭಾಗದಲ್ಲಿ ನಿಂತುಹೋದುದರಿಂದ ಅದಕ್ಕೆ ಮೊದಲು ಬಂದ ಬ್ರೌನಿಂಗ್, ವಾಲ್ಥರ್, ವೆಬ್ಲಿಗಳು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಮಾರಾಟವಾಗುತ್ತವೆ. ಹೆಸರು ದೊಡ್ಡದು, ಆದರೆ ಸವೆದ ಸ್ಪ್ರಿಂಗ್, ಸಿಗದ ಬಿಡಿಭಾಗಗಳು ಹೊಸ ಯಜಮಾನನ ಪಾಲಿಗೆ. ಇಂಥವನ್ನು ಅನುಭವಿ ಗನ್‌ಸ್ಮಿತ್‌ಗೆ ತೋರಿಸದೆ ಕೊಳ್ಳಬಾರದು. ಖಾಸಗಿಯಾಗಿ ಮಾರುವವರು ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣೆಗೆ ಲಿಖಿತ ಮಾಹಿತಿ ನೀಡಿ 45 ದಿನ ಕಾಯಬೇಕೆಂದು ಕಾಯ್ದೆ ಹೇಳುತ್ತದೆ.

ಇನ್ನು ಭೀಮಾತೀರದ ಅಪರಾಧ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವ ಕಂಟ್ರಿ ಪಿಸ್ತೂಲು. ಅದಕ್ಕಿಂತ ಅಗ್ಗದ್ದು ಬೇರೆ ಇಲ್ಲ, ಅದಕ್ಕಿಂತ ದುಬಾರಿಯೂ ಬೇರೆ ಇಲ್ಲ. ಪರವಾನಗಿಯಿಲ್ಲದ ಬಂದೂಕು ಹೊಂದಿದವರಿಗೆ ಕನಿಷ್ಠ ಎರಡರಿಂದ ಐದು ವರ್ಷದವರೆಗೆ ಸೆರೆವಾಸ ಕಾದಿದೆ. ಸಿಡಿದಾಗ ನಳಿಕೆಯೇ ಒಡೆದು ಒತ್ತಿದವನ ಕೈ ಹೋಗುವ ಅಪಾಯವೂ ಉಂಟು.

ಮರೆಯಲ್ಲಿ ಒಯ್ಯುವುದೇ ನಿಯಮ

ಪಿಸ್ತೂಲು ಕಾಣುವಂತೆ ಕಟ್ಟಿಕೊಂಡು ತಿರುಗುವುದು ಪ್ರತಿಷ್ಠೆಯೆಂದು ಭಾವಿಸಿದವರಿದ್ದಾರೆ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲಿ ಅಥವಾ ಚೀಲದಲ್ಲಿ, ಪೂರ್ಣವಾಗಿ ಮುಚ್ಚಿರಬೇಕು. ಒಯ್ಯುವವರ ಹಿಡಿತದಲ್ಲೂ ಇರಬೇಕು. ಝಳಪಿಸುವುದು ನಿಷಿದ್ಧ. ಮದುವೆ, ಮೆರವಣಿಗೆಯ ಸಂಭ್ರಮದಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇತರರನ್ನು ಅಪಾಯಕ್ಕೆ ಒಡ್ಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು.

ಆದ್ದರಿಂದ ಬಂದೂಕು ಆರಿಸುವಾಗ ದಿನನಿತ್ಯದ ಉಡುಪು, ಕೂರುವ ವಾಹನ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಂಚೆ ಉಡುವವರಿಗೂ ಪ್ಯಾಂಟು ತೊಡುವವರಿಗೂ ಒಂದೇ ಹೋಲ್‌ಸ್ಟರ್ ಒಗ್ಗದು. ಟ್ರಿಗರನ್ನು ಸಂಪೂರ್ಣ ಮುಚ್ಚದ ಹೋಲ್‌ಸ್ಟರ್ ಬೇಡವೇ ಬೇಡ. ಜೇಬಿನಲ್ಲಿ ಬೀಗದ ಕೈಯೊಂದಿಗೆ ಪಿಸ್ತೂಲು ಇಡುವುದು ಆತ್ಮಘಾತಕ. ಹಳೆಯ ವಿನ್ಯಾಸದ ಪಿಸ್ತೂಲುಗಳು ಕೆಳಗೆ ಬಿದ್ದಾಗ ಸಿಡಿಯುವ ಸಂಭವವಿರುವುದರಿಂದ ನಳಿಕೆ ಖಾಲಿಯಿಟ್ಟು ಒಯ್ಯುವುದೇ ಸರಿ.

ಪರವಾನಗಿ ಯಾವ ಪ್ರದೇಶಕ್ಕೆ ಸಿಂಧು ಎಂಬುದನ್ನೂ ಓದಿಕೊಳ್ಳಬೇಕು. ರಾಜ್ಯಕ್ಕೆ ಸೀಮಿತವಾದ ಪರವಾನಗಿ ಹಿಡಿದು ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋದರೂ ಅಪರಾಧವೇ.

ಮನೆಯೊಳಗಿನ ಅಪಾಯ

ಬಂದೂಕಿಗೆ ಕಳ್ಳನೂ ಒಂದೇ, ಮನೆಯ ಮಗುವೂ ಒಂದೇ. ದಿಂಬಿನಡಿ, ಬೀರುವಿನ ಸೀರೆಗಳ ನಡುವೆ ಇಟ್ಟ ಪಿಸ್ತೂಲು ಮೊದಲು ಸಿಗುವುದು ಮನೆಯವರಿಗೇ. ತೋಟಾ ಹೊರತೆಗೆದು ಬೇರೆಡೆ ಬೀಗ ಹಾಕಿಡಬೇಕು. ಬೀಗದ ಕೈ ಪರವಾನಗಿದಾರರ ಬಳಿ ಮಾತ್ರ ಇರಬೇಕು. ಮನೆಯಲ್ಲಿ ಖಿನ್ನತೆಯಿಂದ ಬಳಲುವವರು, ಮದ್ಯದ ಚಟಕ್ಕೆ ಸಿಲುಕಿದವರು ಇದ್ದರೆ ಬಂದೂಕು ತರುವ ಯೋಚನೆಯನ್ನೇ ಕೈಬಿಡುವುದು ವಿವೇಕ. ಪರವಾನಗಿದಾರರು ತೀರಿಕೊಂಡಾಗ ಆಯುಧವನ್ನು ವಿಳಂಬವಿಲ್ಲದೆ ಠಾಣೆಗೆ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡಬೇಕೆಂಬುದು ಮನೆಯವರಿಗೂ ತಿಳಿದಿರಲಿ.

ಗುಂಡು ಹಾರಿದ ಮೇಲೆ

ಪರವಾನಗಿ ಇದ್ದ ಮಾತ್ರಕ್ಕೆ ಗುಂಡು ಹಾರಿಸುವ ಹಕ್ಕು ಬರುವುದಿಲ್ಲ. ಆತ್ಮರಕ್ಷಣೆಯ ಹಕ್ಕಿನ ಮಿತಿಗಳು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿವೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವ ಜೇಬುಗಳ್ಳನ ಬೆನ್ನಿಗೆ ಗುಂಡಿಟ್ಟವರು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾದೀತು.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಖಾಲಿ ಬಂದೂಕನ್ನು ಕೈಯಲ್ಲಿ ಹಿಡಿದು ನೋಡಿ. ಹಿಡಿ ಅಂಗೈಗೆ ಕೂರುತ್ತದೆಯೇ, ಸ್ಲೈಡ್ ಎಳೆಯಲು ಬರುತ್ತದೆಯೇ, ಟ್ರಿಗರಿಗೆ ಬೆರಳು ಎಟಕುತ್ತದೆಯೇ, ತೋಟಾ ನಿಮ್ಮ ಊರಿನ ವ್ಯಾಪಾರಿಯ ಬಳಿ ಸಿಗುತ್ತದೆಯೇ ಎಂದು ಪರೀಕ್ಷಿಸಿ. ಇಷ್ಟಕ್ಕೂ ಹೌದೆಂಬ ಉತ್ತರ ಕೊಡುವ ಬಂದೂಕು ಹೆಸರಿಲ್ಲದ್ದಾದರೂ ಸರಿಯೇ. ಗಟ್ಟಿ ಬಾಗಿಲು, ಅಂಗಳದ ದೀಪ, ಬೊಗಳುವ ನಾಯಿ, ಹಣವನ್ನು ಬ್ಯಾಂಕಿನ ಮೂಲಕವೇ ಸಾಗಿಸುವ ರೂಢಿ ಇವಿಷ್ಟರಿಂದ ಅಪಾಯ ತಪ್ಪುವುದಾದರೆ ಅದಕ್ಕಿಂತ ಅಗ್ಗದ ರಕ್ಷಣೆ ಮತ್ತೊಂದಿಲ್ಲ. ಅವು ಸಾಲವೆಂದು ಖಚಿತವಾದ ಮೇಲೆ ಪರವಾನಗಿಯ ಅರ್ಜಿ ಬರೆಯಿರಿ.