ನಾರ್ಟನ್ ಗೇರ್‌ಬಾಕ್ಸ್: ತಪಾಸಣೆ ಮತ್ತು ನಿರ್ವಹಣೆ

ಲೇತ್‌ನ ಲೀಡ್‌ಸ್ಕ್ರೂ ವೇಗವನ್ನು ಲಿವರ್ ಸರಿಸಿ ಬದಲಿಸುವ ಗೇರುಗಳ ಪೆಟ್ಟಿಗೆ. ಅಮೆರಿಕದ ವೆಂಡೆಲ್ ನಾರ್ಟನ್ 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಥ್ರೆಡ್‌ನ ಪಿಚ್ ಬದಲಾದಾಗಲೆಲ್ಲ ಗೇರು ಬಿಚ್ಚಿ ಜೋಡಿಸುವ ಶ್ರಮ ಇದರಿಂದ ಬಹುಪಾಲು ತಪ್ಪಿತು.

ತಪಾಸಣೆ: ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಬೇಕು. ಹಳೆಯ ಎಣ್ಣೆಯನ್ನು ಬೆಚ್ಚಗಿರುವಾಗಲೇ ಇಳಿಸಿ, ಬೆಳಕಿಗೆ ಹಿಡಿದು ನೋಡಬೇಕು. ಹಳದಿ ಮಿನುಗು ಕಂಡರೆ ಕಂಚಿನ ಬುಷ್ ಸವೆದಿದೆ; ಅಯಸ್ಕಾಂತಕ್ಕೆ ಅಂಟುವ ಬೂದುಪುಡಿ ಗೇರಿನದೋ ಶಾಫ್ಟಿನದೋ ಆಗಿರಬಹುದು; ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆ. ಹಲ್ಲುಗಳ ಮುಕ್ಕು, ಗುಳಿ ಗಮನಿಸಿ, ಶಾಫ್ಟಿನ ಅಲುಗಾಟವನ್ನು ಡಯಲ್ ಗೇಜ್‌ನಿಂದ ಅಳೆಯಬೇಕು.

ನಿರ್ವಹಣೆ: ಸೀಮೆಎಣ್ಣೆಯಿಂದ ತೊಳೆದು, ಎಣ್ಣೆ ರಂಧ್ರಗಳ ಜಿಡ್ಡು ತೆಗೆದು, ತಯಾರಕರು ಸೂಚಿಸಿದ ದರ್ಜೆಯ ಎಣ್ಣೆ ತುಂಬಬೇಕು. ಕ್ರಿಯಾಶೀಲ ಗಂಧಕವಿರುವ ಗೇರ್ ಎಣ್ಣೆ ಕಂಚನ್ನು ತಿನ್ನುತ್ತದೆ. ಯಂತ್ರ ತಿರುಗುವಾಗ ಕೈ ಹಾಕಲೇಬಾರದು.