ಮೈಸೂರಿನ ಯೋಗಶಾಲೆಯೂ ಸ್ತ್ರೀಯರ ಸ್ವಾನುಭವ ಕಥನವೂ

ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದೆಡೆಗಳಲ್ಲಿ ಸ್ತ್ರೀಯರು ಬೆಳಗಿನ ವೇಳೆ ಗುಂಪುಗೂಡಿ ಯೋಗಾಸನ ಮಾಡುವುದು ಈಗ ಯಾರಿಗೂ ಸೋಜಿಗವೆನಿಸದು. ಅಭ್ಯಾಸ ಮುಗಿದ ಮೇಲೆ ಪಥ್ಯ, ಕಷಾಯ, ತಮ್ಮ ತಮ್ಮ ದೇಹಾನುಭವ ಇವುಗಳ ಮಾತು ನಡೆಯುವುದೂ ಉಂಟು. ಇದೆಲ್ಲವೂ ಪುರಾತನ ಸಂಪ್ರದಾಯವೆಂದು ಹೇಳುವುದು ವಾಡಿಕೆ. ಈ ಮಾತಿನಲ್ಲಿ ಅರ್ಧಾಂಶ ಮಾತ್ರ ನಿಜವೆಂದು ನಾವು ತಿಳಿಯುತ್ತೇವೆ.

ಪಥ್ಯೋಪಚಾರದ ಭಾಗ ನಿಜವಾಗಿಯೂ ಹಳೆಯದು. ಚರಕಸಂಹಿತೆಯ ಶಾರೀರಸ್ಥಾನವು ಗರ್ಭಿಣಿಗೆ ತಿಂಗಳು ತಿಂಗಳಿಗೂ ಆಹಾರಕ್ರಮವನ್ನು ವಿಧಿಸುತ್ತದೆ. ನಮ್ಮ ಮನೆಗಳ ಬಾಣಂತಿಯ ಎಣ್ಣೆನೀರು, ಲೇಹ್ಯ, ಪಥ್ಯದೂಟ ಇವು ಗ್ರಂಥದಿಂದಲ್ಲ, ‘ನನ್ನ ಬಾಣಂತನದಲ್ಲಿ ಹೀಗಾಯಿತು’ ಎಂದು ಅಜ್ಜಿ ತಾಯಿಗೂ ತಾಯಿ ಮಗಳಿಗೂ ಹೇಳಿದ ಮಾತಿನಿಂದ ಉಳಿದುಬಂದವು. ಆಸನಾಭ್ಯಾಸದ ಸಂಗತಿ ಬೇರೆ. ಹಠಯೋಗದ ಗ್ರಂಥಗಳು ಬಹುಮಟ್ಟಿಗೆ ಪುರುಷ ಸಾಧಕನನ್ನೇ ಉದ್ದೇಶಿಸಿದವು. ಸ್ತ್ರೀಯರ ಆಧುನಿಕ ಯೋಗಾಭ್ಯಾಸದ ಬೇರುಗಳಲ್ಲಿ ಒಂದನ್ನು ಮೈಸೂರಿನಲ್ಲಿ ಅರಸಬೇಕು.

ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಅವರ ಕನ್ನಡ ಗ್ರಂಥ ‘ಯೋಗ ಮಕರಂದ’ 1934ರಲ್ಲಿ ಹೊರಬಂದಿತು. ಶಾಲೆಯ ವಿದ್ಯಾರ್ಥಿಗಳು ಮುಖ್ಯವಾಗಿ ಬಾಲಕರು. ಅದರ ಕೀರ್ತಿಗೆ ಕಾರಣ ಅವರ ಆಸನ ಪ್ರದರ್ಶನಗಳು. ಇಂತಹ ಒಂದು ಸಂಚಾರದಲ್ಲಿಯೇ, 1936ರಲ್ಲಿ, ಧಾರವಾಡದ ಸ್ತ್ರೀಯರು ತಮಗೂ ಕಲಿಸಬೇಕೆಂದು ಕೇಳಿದರು. ಶಿಷ್ಯರಲ್ಲಿ ಅತ್ಯಂತ ಕಿರಿಯನೆಂಬ ಕಾರಣದಿಂದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ ಎಂಬ ಹದಿಹರೆಯದ ಹುಡುಗನಿಗೆ ಆ ಕೆಲಸ ಬಿದ್ದಿತು. ಈ ಪ್ರಸಂಗ ನಮಗೆ ತಿಳಿದಿರುವುದು ಅಯ್ಯಂಗಾರ್ಯರ ನೆನಪಿನಿಂದ, ಕೇಳಿದವರ ನೆನಪಿನಿಂದಲ್ಲ. ಕೇಳಿದವರೇ ಮೊದಲಿಗರು ಎಂಬುದನ್ನು ಮಾತ್ರ ಮರೆಯಬಾರದು.

ಮರುವರ್ಷ ರೀಗಾ ನಗರ ಸಂಜಾತೆಯಾದ ಇಂದ್ರಾದೇವಿಯವರು ಶಾಲೆಗೆ ಬಂದರು. ಸ್ತ್ರೀ, ಅದರಲ್ಲಿಯೂ ಪರದೇಶದವಳು ಎಂದು ಆಚಾರ್ಯರು ನಿರಾಕರಿಸಿದರು. ಮಹಾರಾಜರ ಮಾತಿನಿಂದ ಒಪ್ಪಿದರು. ಆಹಾರ ದಿನಚರಿಗಳಲ್ಲಿ ಕಠಿಣ ನಿಯಮಗಳನ್ನು ವಿಧಿಸಿದರು. ಕೊನೆಗೆ ಬೋಧಿಸಲು ಹೇಳಿದವರೂ ಅವರೇ. ಇಂದ್ರಾದೇವಿಯವರು 1939ರಲ್ಲಿ ಶಾಂಘಾಯಿಯಲ್ಲಿಯೂ 1947ರಲ್ಲಿ ಹಾಲಿವುಡ್ಡಿನಲ್ಲಿಯೂ ಶಾಲೆ ತೆರೆದರು. ಈ ವೃತ್ತಾಂತವನ್ನು ನಾವು ಅರಿತಿರುವುದು ಅವರೇ ಹೇಳಿಕೊಂಡುದರಿಂದ. ಆಚಾರ್ಯರ ಪತ್ನಿ, ಅಯ್ಯಂಗಾರ್ಯರ ಅಕ್ಕ, ನಾಮಗಿರಿಯಮ್ಮನವರು 1938ರ ಚಲನಚಿತ್ರದಲ್ಲಿ ಆಸನಗಳನ್ನು ನಿಪುಣವಾಗಿ ಮಾಡಿರುವುದನ್ನು ನೋಡಬಹುದು. ಆದರೆ ಅದು ಮೂಕಚಿತ್ರ.

ಅಯ್ಯಂಗಾರ್ಯರ ಮಗಳು ಗೀತಾರವರು (1944–2018) ಬಾಲ್ಯದಲ್ಲಿ ಮೂತ್ರಪಿಂಡದ ತೀವ್ರ ವ್ಯಾಧಿಗೆ ತುತ್ತಾಗಿ ಯೋಗಾಭ್ಯಾಸಕ್ಕೆ ತೊಡಗಿದರು, ಆಯುರ್ವೇದವನ್ನೂ ವ್ಯಾಸಂಗಮಾಡಿದರು. ಇಂಗ್ಲಿಷಿನಲ್ಲಿ 1983ರಲ್ಲಿ ಪ್ರಕಟವಾದ ‘ಯೋಗ: ಎ ಜೆಮ್ ಫಾರ್ ವಿಮೆನ್’ ಎಂಬ ಅವರ ಗ್ರಂಥದಲ್ಲಿ ಮುಟ್ಟು, ಗರ್ಭ, ಪ್ರಸವೋತ್ತರ ಕಾಲ ಇವುಗಳಿಗೆ ತಕ್ಕಂತೆ ಅಭ್ಯಾಸವನ್ನು ಬದಲಿಸುವ ವಿಚಾರವಿದೆ. ಅಜ್ಜಿಯರ ಬಾಣಂತನದ ಮಾತೂ ಬಾಲಕರ ಪ್ರದರ್ಶನದ ವಿದ್ಯೆಯೂ ಇಲ್ಲಿ ಒಂದುಗೂಡಿದುವೆನ್ನಬಹುದು. ಒಬ್ಬರ ವ್ಯಾಧಿವೃತ್ತಾಂತ ಚಿಕಿತ್ಸೆಯ ಫಲಕ್ಕೆ ಪ್ರಮಾಣವಾಗಲಾರದು. ಅದನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಆದರೆ ಅಭ್ಯಾಸಕ್ರಮ ಏಕೆ ಬದಲಾಯಿತು ಎಂಬುದಕ್ಕೆ ಅದೇ ಪ್ರಮಾಣ. ಇತಿಹಾಸಕಾರರು ಈ ಎರಡನ್ನು ಬೆರೆಸಿ, ಆ ಬಳಿಕ ಎರಡನ್ನೂ ತಳ್ಳಿಹಾಕಿರುವುದುಂಟು.

ನಮ್ಮ ವಿದ್ಯಾರ್ಥಿಗಳು ಈ ಕೆಲಸವನ್ನು ದೂರ ಹೋಗದೆ ವಿಜಯನಗರದಲ್ಲಿಯೋ ಕೆಂಗೇರಿಯಲ್ಲಿಯೋ ಆರಂಭಿಸಬಹುದು. ಹೇಳುವವರ ವಯಸ್ಸು, ತವರೂರು, ಆಸನ ಕಲಿಸಿದವರಾರು, ಯಾವ ವರ್ಷ, ಮನೆಯಲ್ಲಿ ಯಾರು ಬೇಡವೆಂದರು, ಲೇಹ್ಯದ ಪಾಕ ಯಾರಿಂದ ಬಂದಿತು ಎಂಬಿಷ್ಟನ್ನು ಅವರ ಒಪ್ಪಿಗೆ ಪಡೆದು, ಅವರ ಮಾತಿನಲ್ಲಿಯೇ ಬರೆದುಕೊಂಡರೆ ಸಾಕು. ಎಂಬತ್ತು ದಾಟಿದವರಿಂದ ಮೊದಲು ಮಾಡುವುದು ಮೇಲು.