ಕಾಲದ ಲೆಕ್ಕವೂ ದೇವರ ಮೇಲಿನ ಭಾರವೂ: ಕೊಡೇಕಲ್ ಪರಂಪರೆ ಮತ್ತು ಬಾಸೆಲ್ ಮಿಶನ್

ಗದಗಿನ ಬಳಿಯ ಮಲಸಮುದ್ರದಲ್ಲಿ ಬಾಸೆಲ್ ಮಿಶನ್ 1841ರಲ್ಲಿ ಆರಂಭಿಸಿದ ಕ್ರೈಸ್ತ ವಸಾಹತು ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅಲ್ಲಿಗೆ ಕರೆತರಬೇಕೆಂದಿದ್ದ ಕಾಲಜ್ಞಾನಿಗಳಿಗೆ, ಅಂದರೆ ಬರಲಿರುವ ಕಾಲದ ವಾಣಿಗಳನ್ನು ನಂಬಿದ ಪಂಥದವರಿಗೆ, ಬೇಕಾಗಿದ್ದದ್ದು ಕ್ರಿಸ್ತನಲ್ಲ, ಭೂಮಿ ಮತ್ತು ಆಳುವವರ ಆಸರೆ. ಈ ತೀರ್ಪು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹಾಗೆಯೇ ಸಾಗಿಬಂದಿದೆ. ನಾನು ಇದನ್ನು ಒಪ್ಪಲಾರೆ. ಮಿಶನರಿಗಳ ನಿರಾಶೆಯನ್ನೇ ಕಾಲಜ್ಞಾನಿಗಳ ಮನೋಧರ್ಮದ ದಾಖಲೆಯೆಂದು ಓದಿದ್ದು ಇಲ್ಲಿನ ಮೊದಲ ತಪ್ಪು. ಕಾಲಜ್ಞಾನಿಗಳು ಯಾವ ನೆಲದ ಮಾತನ್ನು ಹೊತ್ತು ಬಂದರು ಎಂದು ವಿಚಾರಿಸದೆ ಇದ್ದದ್ದು ಎರಡನೆಯದು.

ಆ ನೆಲ ಸುರಪುರ ಸೀಮೆ. ಇಂದಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನವರ ಹೆಸರಿನಲ್ಲಿ ಬೆಳೆದ ಕಾಲಜ್ಞಾನದ ಪರಂಪರೆ ಕೃಷ್ಣೆಯ ಎರಡೂ ದಡಗಳಲ್ಲಿ ಹರಡಿತ್ತು. (ಕಾಲಜ್ಞಾನದ ಮೂಲವೆಲ್ಲ ಕೊಡೇಕಲ್ಲೇ ಎಂದು ನಾನು ಹೇಳುತ್ತಿಲ್ಲ, ಅದನ್ನು ಬಿಟ್ಟು ಕಾಲಜ್ಞಾನದ ಮಾತಾಡುವುದು ಸಾಧ್ಯವಿಲ್ಲ ಎಂದಷ್ಟೇ ನನ್ನ ವಾದ.) ಕೆಟ್ಟ ಕಾಲ ಕಳೆದು ವೀರವಸಂತರಾಯನೆಂಬ ಅರಸ ಬರುತ್ತಾನೆ, ಧರ್ಮದ ಆಳ್ವಿಕೆ ನಿಲ್ಲುತ್ತದೆ ಎಂಬುದು ಈ ಸಾಹಿತ್ಯದ ಜೀವಾಳ. ಧಾರವಾಡದಲ್ಲಿ 1837ರಿಂದ, ಹುಬ್ಬಳ್ಳಿಯಲ್ಲಿ 1839ರಿಂದ ನೆಲೆಯೂರಿದ್ದ ಮಿಶನರಿಗಳನ್ನು ಕಾಲಜ್ಞಾನಿಗಳು ಅರಸಿಕೊಂಡು ಬಂದದ್ದು ಈ ನಿರೀಕ್ಷೆಯನ್ನು ಹೊತ್ತೇ. ಇಷ್ಟು ಹೇಳಿ ಹಲವರು ಕೈತೊಳೆದುಕೊಳ್ಳುತ್ತಾರೆ: ಭವಿಷ್ಯವಾಣಿಗೆ ಮರುಳಾದವರು, ಅವರದು ಎಂಥ ವಿಶ್ವಾಸ!

ಹಾಗಾದರೆ ಎದುರಿಗೆ ಕುಳಿತಿದ್ದವರು ಯಾರು? ಬಾಸೆಲ್ ಮಿಶನ್ನಿನ ಬೆನ್ನೆಲುಬು ಜರ್ಮನಿಯ ವುರ್ಟೆಂಬರ್ಗಿನ ಪ್ರೊಟೆಸ್ಟಂಟ್ ಭಕ್ತಿಪಂಥ. ಮಿಶನರಿ ಮೋಗ್ಲಿಂಗ್ ಆ ಸೀಮೆಯವರು. ಆ ಭಕ್ತಿಪಂಥದ ಪರಮಗುರು ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752) ಬೈಬಲಿನ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, 1836ರಲ್ಲಿ ಯುಗ ಬದಲಾಗುತ್ತದೆಂದು ಲೆಕ್ಕ ಹಾಕಿದ್ದರು. ಆ ವರ್ಷ ಬಂದು ಸುಮ್ಮನೆ ಕಳೆದುಹೋಯಿತು. ಅದರ ಮರುವರ್ಷವೇ ಮಿಶನ್ ಧಾರವಾಡಕ್ಕೆ ಬಂತು. ಧಾರವಾಡಕ್ಕೆ ಬಂದ ಒಬ್ಬೊಬ್ಬ ಮಿಶನರಿಯೂ ಆ ಲೆಕ್ಕವನ್ನು ನಂಬಿದ್ದನೆಂದು ನಾನು ಸಾಧಿಸಲು ಹೊರಟಿಲ್ಲ. ಆದರೆ ಇಂಥ ಲೆಕ್ಕ ಕೇಳುತ್ತ ಬೆಳೆದವರ ಮುಂದೆ ನಮ್ಮ ಕಡೆಯ ಜನ ಬಂದು ಕಾಲ ಕೂಡಿಬಂತೇ ಎಂದು ಕೇಳಿದರೆ, ಅದನ್ನು ಮೌಢ್ಯವೆಂದು ಬರೆಯುವ ಇತಿಹಾಸಕಾರ ಅರ್ಧ ಕಥೆಯನ್ನು ಮುಚ್ಚಿಟ್ಟಂತೆಯೇ.

ಮುಂದಿನದು ತಿಳಿದಿದೆಯೆಂಬ ನಂಬಿಕೆ ಏನು ಮಾಡುತ್ತದೆ ಎಂಬುದಕ್ಕೆ ಸುರಪುರದ್ದೇ ಇನ್ನೊಂದು ಸಾಕ್ಷ್ಯವಿದೆ. ಓದುಗರು ಅದನ್ನು ಬರೀ ರೋಚಕ ಪ್ರಸಂಗವೆಂದು ಬದಿಗಿಟ್ಟಿದ್ದಾರೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1842ರಿಂದ 1853ರವರೆಗೆ ಸುರಪುರದಲ್ಲಿದ್ದ. ಅವನು ತೀರಿಕೊಂಡ ಮೇಲೆ, 1877ರಲ್ಲಿ ಅವನ ಆತ್ಮಕಥೆ ಅಚ್ಚಾಯಿತು. ಅದರಲ್ಲಿ ಸುರಪುರದ ರಾಣಿ ಈಶ್ವರಮ್ಮ ಕಾಯಿಲೆ ಬಿದ್ದು, ಇನ್ನು ಉಳಿಯುವುದಿಲ್ಲವೆಂದುಕೊಂಡು ಮಗನ ಜಾತಕದ ಗುಟ್ಟು ಬಿಚ್ಚಿಡುವ ಭಾಗವಿದೆ: ವೆಂಕಟಪ್ಪ ನಾಯಕನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಗಂಡಾಂತರ. ಅವನ 1858ರ ಬಂಡಾಯ ಮುರಿದು, ಮರಣದಂಡನೆ ರದ್ದಾಗಿ, ಶಿಕ್ಷೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿದಾಗ, ಜಾತಕ ಸುಳ್ಳಾಯಿತೆಂದು ಟೇಲರ್ ಆ ಜಾತಕ ಬಲ್ಲ ಶಾಸ್ತ್ರಿಗೆ ಹೇಳಿದ. ಆದರೆ ಚೆಂಗಲ್‌ಪಟ್ಟಿನ ಕೋಟೆಗೆ ಸಾಗಿಸುವಾಗ ದಾರಿಯಲ್ಲೇ ಅರಸ ಗುಂಡು ತಗುಲಿ ಸತ್ತ. ಜ್ಯೋತಿಷ ನಿಜವೋ ಸುಳ್ಳೋ ಎಂಬ ಚರ್ಚೆ ನನಗೆ ಬೇಡ. ಮಗನ ಆಯುಸ್ಸು ಗೊತ್ತಿದೆ ಎಂದು ನಂಬಿದ ತಾಯಿಯ ಎದೆಯಲ್ಲಿ ಆ ಗುಟ್ಟು ವರ್ಷಗಟ್ಟಲೆ ಕೂತಿತ್ತು ಎಂಬುದೇ ನಮಗೆ ಬೇಕಾದ ಸಂಗತಿ. ಮುಂದಿನದು ತಿಳಿದಿದೆಯೆಂಬ ನಂಬಿಕೆ ಆಕೆಗೆ ನೆಮ್ಮದಿ ಕೊಡಲಿಲ್ಲ.

ಕ್ರೈಸ್ತ ಭರವಸೆಯ ತಿರುಳು ಇಲ್ಲಿಯೇ ಬೇರೆಯಾಗುತ್ತದೆ. ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಶಿಷ್ಯರೂ ರಾಜ್ಯ ಮರಳಿ ಬರುವ ಕಾಲ ಇದೇ ಏನು ಎಂದು ಕೇಳುತ್ತಾರೆ. ಕಾಲಜ್ಞಾನಿಗಳು ಕೇಳಿದ್ದೂ ಇದನ್ನೇ. ಕಾಲಸಮಯಗಳನ್ನು ತಂದೆ ತನ್ನ ಕೈಯಲ್ಲಿಟ್ಟುಕೊಂಡಿದ್ದಾನೆಂಬ ಉತ್ತರ ಅವರಿಗೆ ಸಿಗುತ್ತದೆ. ಮತ್ತಾಯನ 11ನೆಯ ಅಧ್ಯಾಯದಲ್ಲಿ ಹೊರೆ ಹೊತ್ತು ಬಳಲಿದವರಿಗೆ ಸಿಗುವ ವಿಶ್ರಾಂತಿಯೂ ಕೆಲಸವಿಲ್ಲದ ವಿಶ್ರಾಂತಿಯಲ್ಲ. ಅದರ ಬೆನ್ನಿಗೇ ನೊಗದ ಮಾತು ಬರುತ್ತದೆ. ನಾಳೆ ಏನೆಂದು ತಿಳಿಯದೆಯೂ ಇಂದು ಭಾರವನ್ನೆಲ್ಲ ದೇವರ ಮೇಲೆ ಹಾಕಿ ನಡೆಯುವುದು ಅದರ ಅರ್ಥ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಬಂದವರಿಗೆ ಈ ಭಾಗಗಳನ್ನು ಓದಿ ಹೇಳಬಹುದಾಗಿತ್ತು. ಆದರೆ ಮಿಶನ್ ಎದ್ದುಕಾಣುವಂತೆ ಮುಂದಿಟ್ಟದ್ದು ವಸಾಹತಿನ ಯೋಜನೆಯನ್ನು. ಆಮೇಲೆ ಭೂಮಿಯಾಸೆಯ ಆಪಾದನೆ ಹೊತ್ತವರು ಕಾಲಜ್ಞಾನಿಗಳು!

ಆ ಆಸೆಯನ್ನೇ ನೋಡಿ. ಕುಲ ಬಿಟ್ಟು ಹೊಸ ದಾರಿ ಹಿಡಿದ ರೈತನಿಗೆ ಊರ ಬಾವಿಯ ನೀರು, ಮಗಳ ಮದುವೆ, ಸುಗ್ಗಿಯ ಪಾಲು ಎಲ್ಲವೂ ಒಮ್ಮೆಗೇ ಕೈತಪ್ಪುತ್ತಿದ್ದವು. ಅಂಥವನು ಉಳಲು ತುಂಡು ಹೊಲ ಕೇಳಿದರೆ ಅದು ಅವಿಶ್ವಾಸದ ಗುರುತಾಗುವುದಿಲ್ಲ. ಎಲ್ಲಿಗೆಂದು ತಿಳಿಯದೆ ಹೊರಟ ಅಬ್ರಹಾಮನಿಗೂ ದೇವರು ವಾಗ್ದಾನ ಮಾಡಿದ್ದು ಭೂಮಿಯನ್ನೇ. ಹಾಗೆಂದು ಅವನ ನಂಬಿಕೆಯನ್ನು ಯಾವ ಮಿಶನರಿಯೂ ಶಂಕಿಸಲಿಲ್ಲ. ಮಲಸಮುದ್ರಕ್ಕೆ ನಿರೀಕ್ಷಿಸಿದಷ್ಟು ಜನ ಬರಲಿಲ್ಲ, ನಿಜ. ಬಾರದವರು ನಂಬಲಿಲ್ಲವೆಂದು ತೀರ್ಮಾನಿಸುವ ಹಕ್ಕು ಮಾತ್ರ ಆ ಸಂಖ್ಯೆಯಿಂದ ನಮಗೆ ಬರುವುದಿಲ್ಲ.

ಮಲಸಮುದ್ರದ ಬಗ್ಗೆ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಕೊಡೇಕಲ್ ಪರಂಪರೆಯ ಅಮರಗನ್ನಡ ಲಿಪಿಯನ್ನು ಓದಬಲ್ಲವರೂ ಬಾಸೆಲ್ ಪತ್ರಾಗಾರದ ಹಳೆಯ ಜರ್ಮನ್ ಕೈಬರಹವನ್ನು ಓದಬಲ್ಲವರೂ ಒಂದೇ ಮೇಜಿನ ಮುಂದೆ ಕೂರಬೇಕು. ಕಲಬುರಗಿ, ಧಾರವಾಡದ ವಿಶ್ವವಿದ್ಯಾಲಯಗಳು ಇದನ್ನು ಕೈಗೆತ್ತಿಕೊಳ್ಳಲಿ.